ಓದುಗರ ಪ್ರಶ್ನೆ: ರೆಡ್‌ಮೈನ್‌ನಲ್ಲಿ ಯಾರಿಗೆ ಏನು ಕಾಣಬೇಕು?

ಪ್ರಶ್ನೆ: ತಂಡದ ಕೆಲಸಗಳ ಲೆಕ್ಕ ಇಡುವ ತಂತ್ರಾಂಶ ರೆಡ್‌ಮೈನ್‌ನಲ್ಲಿ ಹೊರಗಿನ ಡಿಸೈನರ್ ಒಬ್ಬರನ್ನು ಒಂದೇ ಒಂದು ಪ್ರಾಜೆಕ್ಟ್‌ಗೆ ರಿಪೋರ್ಟರ್ (ಸಮಸ್ಯೆ ವರದಿ ಮಾಡುವವರು) ಆಗಿ ಸೇರಿಸಿದ್ದೇವೆ. ಆದರೆ ಅವರಿಗೆ ನಮ್ಮ ಉಳಿದ ಪ್ರಾಜೆಕ್ಟ್‌ಗಳೂ ಕಾಣುತ್ತಿವೆ. ಏನು ತಪ್ಪಾಗಿದೆ?

ಉತ್ತರ: ರಿಪೋರ್ಟರ್ ರೋಲ್‌ನಲ್ಲಿ ತಪ್ಪು ಹುಡುಕಬೇಡಿ (ರೋಲ್ ಎಂದರೆ ಒಬ್ಬರು ಏನೇನು ನೋಡಬಹುದು, ಮಾಡಬಹುದು ಎಂಬ ಹಕ್ಕುಗಳ ಕಟ್ಟು). ಸೆಟ್ಟಿಂಗ್ ಬದಲಿಸದಿದ್ದರೆ ರೆಡ್‌ಮೈನ್‌ನಲ್ಲಿ ಹೊಸ ಪ್ರಾಜೆಕ್ಟ್ ಹುಟ್ಟುವುದೇ ‘ಪಬ್ಲಿಕ್’ ಆಗಿ. ಅಂಥ ಪ್ರಾಜೆಕ್ಟ್‌ನ ಸದಸ್ಯರಲ್ಲದಿದ್ದರೂ ಲಾಗಿನ್ ಆದ ಯಾರಿಗೇ ಆಗಲಿ ‘ನಾನ್ ಮೆಂಬರ್’ ರೋಲ್‌ನ ಹಕ್ಕುಗಳು ಸಿಗುತ್ತವೆ. ಲಾಗಿನ್ ಆಗದವರಿಗೂ ‘ಅನಾನಿಮಸ್’ ಎಂಬ ರೋಲ್ ಇದೆ.

ಮೊದಲು ಪ್ರತಿ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಪಬ್ಲಿಕ್’ ಎದುರಿನ ಗುರುತು ತೆಗೆದು ಸೇವ್ ಮಾಡಿ. ಮುಂದೆ ಬರುವ ಪ್ರಾಜೆಕ್ಟ್‌ಗಳಿಗಾಗಿ ಅಡ್ಮಿನಿಸ್ಟ್ರೇಷನ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರಾಜೆಕ್ಟ್ಸ್’ ಟ್ಯಾಬ್ ತೆರೆದು, ಹೊಸವು ಪಬ್ಲಿಕ್ ಆಗುವ ಆಯ್ಕೆಯನ್ನೂ ತೆಗೆಯಿರಿ. ‘ಅಥೆಂಟಿಕೇಷನ್’ ಟ್ಯಾಬ್‌ನಲ್ಲಿ ಲಾಗಿನ್ ಕಡ್ಡಾಯ ಮಾಡಿ.

ರೆಡ್‌ಮೈನ್‌ನಲ್ಲಿ ಹಕ್ಕುಗಳು ಕೂಡುತ್ತವೆಯೇ ಹೊರತು ಕಳೆಯುವುದಿಲ್ಲ. ಒಬ್ಬರಿಗೆ ಎರಡು ರೋಲ್ ಇದ್ದರೆ ಎರಡರ ಹಕ್ಕುಗಳೂ ಅವರವೇ; ಒಂದರಲ್ಲಿ ತೆಗೆದದ್ದು ಇನ್ನೊಂದರಿಂದ ಬಂದುಬಿಡುತ್ತದೆ. ಗ್ರೂಪ್ ಮೂಲಕ ಬಂದ ರೋಲ್ ಅನ್ನು ಆ ವ್ಯಕ್ತಿಯ ಹೆಸರಿನಿಂದ ಮಾತ್ರ ತೆಗೆಯಲಾಗದು, ಗ್ರೂಪ್‌ನಿಂದಲೇ ಅವರನ್ನು ಬಿಡಿಸಬೇಕು. ಯಾವ ರೋಲ್‌ಗೆ ಯಾವ ಹಕ್ಕಿದೆ ಎಂಬುದು ‘ಪರ್ಮಿಷನ್ಸ್ ರಿಪೋರ್ಟ್’ನಲ್ಲಿ ಒಂದೇ ಪುಟದಲ್ಲಿ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಅಡ್ಮಿನ್ ಖಾತೆಯಿಂದ ಪರೀಕ್ಷಿಸಬೇಡಿ. ಅಡ್ಮಿನ್‌ಗೆ ಯಾವಾಗಲೂ ಎಲ್ಲವೂ ಕಾಣುವುದರಿಂದ ತೂತು ಗೊತ್ತೇ ಆಗುವುದಿಲ್ಲ. ರಿಪೋರ್ಟರ್ ರೋಲ್‌ನ ಪರೀಕ್ಷಾ ಖಾತೆಯೊಂದನ್ನು ಮಾಡಿ, ಅದರಿಂದ ನೋಡಿ.

ಪ್ರಶ್ನೆ: ಕೆಲಸ ಬಿಟ್ಟವರ ಪಾಸ್‌ವರ್ಡ್ ಬದಲಿಸಿದೆವು. ಆದರೂ ಅವರ ಹೆಸರಿನಲ್ಲಿ ಹೊಸ ಇಶ್ಯೂಗಳು (ಕೆಲಸ ಅಥವಾ ದೋಷದ ದಾಖಲೆಗಳು) ಬರುತ್ತಲೇ ಇವೆ. ಖಾತೆ ಅಳಿಸಿಬಿಡಲೇ?

ಉತ್ತರ: ಅಳಿಸಬೇಡಿ. ಅಳಿಸಿದರೆ ಅವರು ಬರೆದ ಇಶ್ಯೂಗಳೆಲ್ಲ ‘ಅನಾನಿಮಸ್’ ಹೆಸರಿಗೆ ಹೋಗುತ್ತವೆ, ಅವರಿಗೆ ವಹಿಸಿದ್ದವು ವಾರಸುದಾರರಿಲ್ಲದೆ ಉಳಿಯುತ್ತವೆ.

ಹೊಸ ಇಶ್ಯೂಗಳಿಗೆ ಬಹುಮಟ್ಟಿಗೆ ಕಾರಣ ಎಪಿಐ ಕೀ, ಅಂದರೆ ಪಾಸ್‌ವರ್ಡ್ ಇಲ್ಲದೆಯೇ ಬೇರೆ ಪ್ರೋಗ್ರಾಂಗಳು ಆ ಖಾತೆಯನ್ನು ಬಳಸಲು ಬಿಡುವ ಗುಪ್ತ ಸಂಕೇತ. ಪಾಸ್‌ವರ್ಡ್ ಬದಲಿಸಿದರೆ ತೆರೆದಿದ್ದ ಸೆಷನ್‌ಗಳು ಮುಗಿಯುತ್ತವೆ, ಆದರೆ ಎಪಿಐ ಕೀ ಹಾಗೇ ಉಳಿಯುತ್ತದೆ. ಯಾವುದೋ ಸ್ಕ್ರಿಪ್ಟ್ (ತಾನೇ ಓಡುವ ಚಿಕ್ಕ ಪ್ರೋಗ್ರಾಂ) ಆ ಕೀ ಬಳಸುತ್ತಿರಬೇಕು. ಮೊದಲು ಅವರಿಗೆ ವಹಿಸಿದ್ದ ಇಶ್ಯೂಗಳನ್ನು ಫಿಲ್ಟರ್ ಮಾಡಿ, ಒಟ್ಟಿಗೆ ಆಯ್ದು, ರೈಟ್ ಕ್ಲಿಕ್‌ನಿಂದ ಬೇರೆಯವರಿಗೆ ವಹಿಸಿ. ಆಮೇಲೆ ‘ಯೂಸರ್ಸ್’ ಪಟ್ಟಿಯಲ್ಲಿ ‘ಲಾಕ್’ ಒತ್ತಿ. ಲಾಗಿನ್ ಜೊತೆ ಕೀಯೂ ನಿಲ್ಲುತ್ತದೆ, ಹಳೆಯ ದಾಖಲೆ ಅವರ ಹೆಸರಿನಲ್ಲೇ ಉಳಿಯುತ್ತದೆ. ಸ್ಕ್ರಿಪ್ಟ್ ಬೇಕಿದ್ದರೆ ಅದಕ್ಕೆಂದೇ ಕಡಿಮೆ ಹಕ್ಕಿನ ಬೇರೆ ಖಾತೆ ಮಾಡಿ.

ಪ್ರಶ್ನೆ: ಪ್ರತಿ ತಿಂಗಳೂ ಪಾಸ್‌ವರ್ಡ್ ಬದಲಾವಣೆ ಕಡ್ಡಾಯ ಮಾಡಬೇಕೆ?

ಉತ್ತರ: ಬೇಡ. ಜನ ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸಿ ಮುಗಿಸುತ್ತಾರೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಿಸಲು ಒತ್ತಾಯಿಸಬಾರದು ಎಂದಿದೆ. ರೆಡ್‌ಮೈನ್‌ನಲ್ಲಿ ಕನಿಷ್ಠ ಉದ್ದ ಮೊದಲಿಗೆ 8 ಅಕ್ಷರ ಇರುತ್ತದೆ. ಅದನ್ನು 12ಕ್ಕೆ ಏರಿಸಿ. 4.2ನೇ ಆವೃತ್ತಿಯಿಂದ ಎರಡು ಹಂತದ ದೃಢೀಕರಣವಿದೆ (ಪಾಸ್‌ವರ್ಡ್ ಜೊತೆ ಫೋನ್ ಆ್ಯಪ್ ತೋರಿಸುವ ಕೋಡ್ ಕೂಡ ಕೊಡಬೇಕು), ಅದನ್ನು ಕಡ್ಡಾಯ ಮಾಡಿ. ಫೋನ್ ಇಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಲು ಎಲ್ಲರಿಗೂ ಹೇಳಿ. ಫೋನ್ ಕಳೆದವರ ದೃಢೀಕರಣವನ್ನು ಅಡ್ಮಿನ್ ಅವರ ಖಾತೆಯ ಪುಟದಿಂದ ತೆಗೆಯಬಹುದು, ಆದರೆ ಕೇಳಿದವರು ಅವರೇ ಹೌದೇ ಎಂದು ಮುಖತಃ ಖಚಿತಪಡಿಸಿಕೊಂಡ ಮೇಲೆ.