ಮೊದಲು ಆ ಕೋಣೆಗೆ ಬೀಗ ಹಾಕಿಸಿ
ಓದುಗರ ಪ್ರಶ್ನೆಗಳಿಗೆ ನಿವೃತ್ತ ಎಂಜಿನಿಯರ್ ಉತ್ತರ

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ ಕೋಣೆಯಲ್ಲಿ ತಾರಸಿಯ ಗಿಲಾವು ಉದುರಿ ಕಂಬಿ ಕಾಣುತ್ತಿದೆ. ಮಳೆ ಬಂದರೆ ಸೋರುತ್ತದೆ. ಬೇಸಿಗೆ ರಜೆಯಲ್ಲಿ ಸಿಮೆಂಟ್ ಮೆತ್ತಿ ಸುಣ್ಣ ಬಳಿದರೆ ಸಾಕು ಎಂದು ಸಮಿತಿಯ ಕೆಲವರು ಹೇಳುತ್ತಾರೆ. ಅಲ್ಲಿಯವರೆಗೆ ಮಕ್ಕಳನ್ನು ಅಲ್ಲೇ ಕೂರಿಸಬಹುದೇ?
– ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯೆ, ಹಾವೇರಿ ಜಿಲ್ಲೆ

ಉತ್ತರ: ಕೂರಿಸಬೇಡಿ. ಈ ಸಂಚಿಕೆ ಕೈ ಸೇರಿದ ದಿನವೇ ಮುಖ್ಯ ಶಿಕ್ಷಕರಿಗೆ ಹೇಳಿ ಆ ಕೋಣೆಗೆ ಬೀಗ ಹಾಕಿಸಿ. ಬೀಗಕ್ಕೆ ಅನುದಾನ ಬೇಡ, ಮಂಜೂರಾತಿ ಬೇಡ. ನಾಲ್ಕನೇ ತರಗತಿಯವರು ಐದನೆಯವರ ಜೊತೆ ಇಕ್ಕಟ್ಟಾಗಿ ಕುಳಿತರೂ ಚಿಂತೆಯಿಲ್ಲ. ಜಗಲಿಯ ಸೂರು ಅದೇ ತಾರಸಿಯ ಮುಂದುವರಿಕೆಯಾಗಿದ್ದರೆ ಅಲ್ಲಿಯೂ ಬೇಡ.

ತಾರಸಿಯ ಮೇಲೆ ನಿಂತ ನೀರು ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ ಉಬ್ಬಿ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಕೆಳಗೆ ತಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ರೋಗ ಮುಚ್ಚಿಹೋಗುತ್ತದೆ, ತೂಕ ಇನ್ನಷ್ಟು ಏರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ಶಾಲೆಯ ಇಂಥ ತೇಪೆ ಕೆಲಸಕ್ಕೆ, ಮುಗಿದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕದಲ್ಲಿ ಸಹಿ ಹಾಕಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ರಾತ್ರಿ ತೇಪೆಯೂ ಅದು ಅಂಟಿಕೊಂಡಿದ್ದ ಕಾಂಕ್ರೀಟೂ ಒಟ್ಟಿಗೆ ಕಳಚಿ ಬಿದ್ದವು. ಸೋಮವಾರ ಬೆಳಿಗ್ಗೆ ಎರಡು ತುಂಡಾದ ಬೆಂಚಿನ ಮುಂದೆ ನಿಂತಿದ್ದೆ. ಅದರ ಮೇಲೆ ಯಾರೋ ಮಗು ಕೈವಾರದಿಂದ ತನ್ನ ಹೆಸರು ಕೊರೆದಿತ್ತು. ಆ ಹೆಸರು ನನಗೆ ಇಂದಿಗೂ ನೆನಪಿದೆ.

ಈಗ ಕಾಗದದ ಕೆಲಸ. ಸಮಿತಿಯ ಸಭೆ ಕರೆದು ಠರಾವು ಬರೆಯಿರಿ. ‘ಶಾಲೆ ಶಿಥಿಲವಾಗಿದೆ’ ಎಂದಷ್ಟೇ ಬರೆದರೆ ಕಡತ ಮಲಗುತ್ತದೆ. ಯಾವ ಕೋಣೆ, ಎಷ್ಟು ಅಡಿ ಉದ್ದಕ್ಕೆ ಕಂಬಿ ಕಾಣುತ್ತಿದೆ, ಯಾವ ತಾರೀಖಿನಿಂದ ಬೀಗ ಹಾಕಲಾಗಿದೆ, ಎಷ್ಟು ಮಕ್ಕಳಿಗೆ ಕೋಣೆಯಿಲ್ಲ, ಇಷ್ಟೂ ಇರಲಿ, ಜೊತೆಗೆ ಫೋಟೊ. ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ, ಎಂಜಿನಿಯರ್ ತಪಾಸಣೆ ಮತ್ತು ಲಿಖಿತ ವರದಿ ಕೇಳಿ, ಸ್ವೀಕೃತಿ ಪಡೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡವಿರಬೇಕು ಎನ್ನುತ್ತದೆ. ಸೋರುವ ಕೋಣೆ ಆ ಮಾತಿಗೆ ಹೊಂದುವುದಿಲ್ಲ ಎಂದು ಪತ್ರದಲ್ಲೇ ಬರೆಯಿರಿ. ಊರವರೇ ಸೇರಿ ಕೆಡವಲು ಹೋಗಬೇಡಿ. ತೆರವಿಗೆ ವರದಿಯೂ ಆದೇಶವೂ ಬೇಕು, ಮೇಲಾಗಿ ಅದು ಜೀವಾಪಾಯದ ಕೆಲಸ.

ರಜೆಯವರೆಗೆ ಕಾಯೋಣ ಎನ್ನುವವರಿಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಶಾಲೆಯನ್ನು ನೆನಪಿಸಿ. 2025ರ ಜುಲೈ 25ರ ಬೆಳಿಗ್ಗೆ ಅಲ್ಲಿ ಸೂರು ಕುಸಿದು ಏಳು ಮಕ್ಕಳು ಸತ್ತರು. ಮೇಲಿಂದ ಕಲ್ಲುಚೂರು ಉದುರುತ್ತಿದೆ ಎಂದು ಮೊದಲೇ ಹೇಳಿದ್ದೆವು ಎಂದು ಬದುಕುಳಿದ ಮಕ್ಕಳು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ನಿಮ್ಮ ಶಾಲೆಯ ಕಂಬಿಯೂ ಅದನ್ನೇ ಹೇಳುತ್ತಿದೆ.

ಪ್ರಶ್ನೆ: ಮಗಳ ಖಾಸಗಿ ಶಾಲೆ ಮೂರು ಮಹಡಿಯದು. ಇರುವುದು ಒಂದೇ ಮೆಟ್ಟಿಲು. ತರಗತಿ ನಡೆಯುವಾಗ ಕೆಳಗಿನ ಗ್ರಿಲ್ ಬಾಗಿಲಿಗೆ ಬೀಗ ಇರುತ್ತದೆ. ಕೇಳಿದರೆ ‘ಮಕ್ಕಳ ಸುರಕ್ಷತೆಗಾಗಿ’ ಎನ್ನುತ್ತಾರೆ.
– ತಂದೆ, ತುಮಕೂರು

ಉತ್ತರ: ನಿಮ್ಮ ಪತ್ರ ಓದಿ ನನಗೆ ಕುಂಭಕೋಣಂ ನೆನಪಾಯಿತು. 2004ರ ಜುಲೈ 16ರಂದು ಅಲ್ಲಿನ ಒಂದು ಶಾಲೆಯ ಅಡುಗೆಕೋಣೆಯಲ್ಲಿ ಹೊತ್ತಿದ ಬೆಂಕಿ ಮೇಲಿನ ತರಗತಿಗಳ ಗರಿ ಚಪ್ಪರಕ್ಕೆ ಹಬ್ಬಿತು. ಕಿರಿದಾದ ಮೆಟ್ಟಿಲಿಂದ ಇಳಿಯಲಾಗದೆ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಬಳಿಕ ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ಕೊಟ್ಟ ತೀರ್ಪು ಕರ್ನಾಟಕದ ಶಾಲೆಗಳಿಗೂ ಅನ್ವಯಿಸುತ್ತದೆ. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನಲ್ಲೇ ಸೇರಿದೆ, ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಇದ್ದರಷ್ಟೇ ಮಾನ್ಯತೆ, ಸ್ಥಳಕ್ಕೆ ಹೋಗಿ ನೋಡದೆ ಸುರಕ್ಷತಾ ಪ್ರಮಾಣಪತ್ರ ಕೊಡಬಾರದು ಎಂದಿತು.

ಹೊರಗಿನವರು ಒಳಬರದಂತೆ ಗೇಟಿನಲ್ಲಿ ಕಾವಲುಗಾರ ನಿಲ್ಲಲಿ. ಮೆಟ್ಟಿಲ ಬಾಗಿಲಿಗೆ ಬೀಗ ಮಾತ್ರ ಕೂಡದು. ಹೊಗೆ ತುಂಬಿದ ಮೆಟ್ಟಿಲಲ್ಲಿ ಯಾರೂ ಬೀಗದ ಕೈ ಹುಡುಕಲಾರರು. ಕಟ್ಟಡ ಸುರಕ್ಷತಾ ಮತ್ತು ಅಗ್ನಿ ಸುರಕ್ಷತಾ ಪ್ರಮಾಣಪತ್ರಗಳನ್ನು ತೋರಿಸುವಂತೆ ನಾಲ್ಕಾರು ಪೋಷಕರು ಸೇರಿ ಲಿಖಿತವಾಗಿ ಕೇಳಿ. ಶಾಲೆ ತೋರಿಸದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೂ ಅಗ್ನಿಶಾಮಕ ಠಾಣೆಗೂ ಬರೆಯಿರಿ. ಮಗಳನ್ನೂ ಒಂದು ಮಾತು ಕೇಳಿ: ಗಂಟೆ ಬಾರಿಸಿ ಎಲ್ಲರನ್ನೂ ಮೈದಾನಕ್ಕೆ ಇಳಿಸುವ ಅಭ್ಯಾಸ ಎಂದಾದರೂ ಮಾಡಿಸಿದ್ದಾರೆಯೇ? ಮಕ್ಕಳು ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.

ಪ್ರಶ್ನೆ: ಶಾಲೆಯ ಕಾಂಪೌಂಡ್ ಗೋಡೆ ರಸ್ತೆಯ ಕಡೆಗೆ ಸ್ವಲ್ಪ ವಾಲಿದೆ. ಅಪಾಯವೇ?
– ಶಿಕ್ಷಕ, ಸಾಗರ

ಉತ್ತರ: ಹೌದು. ನಿಮ್ಮ ಕಡೆಯ ಮಳೆಗೆ ಮಣ್ಣು ನೆನೆದು ಭಾರವಾಗಿ ಗೋಡೆಯನ್ನು ತಳ್ಳುತ್ತದೆ, ಬುಡವೂ ಸಡಿಲವಾಗುತ್ತದೆ. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ಎರಡೂ ಬದಿಗೆ ಹಗ್ಗ ಕಟ್ಟಿ. ಮಕ್ಕಳು ಬಸ್ಸಿಗೆ ಕಾಯುವ ಜಾಗ ಅಲ್ಲೇ ಇದ್ದರೆ ನಾಳೆಯಿಂದಲೇ ಬದಲಿಸಿ. ಗೋಡೆಗೆ ಒರಗಿಸಿದ ಮರಳು, ಕಲ್ಲಿನ ರಾಶಿಯಿದ್ದರೆ ನೀವೇ ತೆಗೆಯಬೇಡಿ. ಅದು ಗೋಡೆಗೆ ಆಸರೆಯೋ ಹೊರೆಯೋ ಎಂಬುದನ್ನು ಎಂಜಿನಿಯರ್ ನೋಡಿಯೇ ಹೇಳಬೇಕು.