ಚರ್ಚಿನೊಳಗೆ ಕಾಫಿ ಅಂಗಡಿಯಾ?

ಓದುಗರ ಪತ್ರ: ನೆದರ್ಲೆಂಡ್ಸ್‌ನಲ್ಲಿರುವ ಮಗಳು ಮಾಸ್ಟ್ರಿಕ್ಟ್ ಎಂಬ ಊರಿನ ಹಳೇ ಚರ್ಚಿನ ಫೋಟೋ ಕಳಿಸಿದ್ದಾಳೆ. ಒಳಗೆ ಪುಸ್ತಕದಂಗಡಿ, ಪೀಠವಿದ್ದ ಕಡೆ ಕಾಫಿ! ಈ ಗತಿ ತರುವ ಬದಲು ಕೆಡವಿದ್ದರೇ ಮರ್ಯಾದೆ ಉಳಿಯುತ್ತಿತ್ತು, ಅಲ್ವಾ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಪತ್ರ ಓದಿ ಮೊದಲು ನಾನೂ ಹೌದಲ್ಲ ಅಂದುಕೊಂಡೆ. ಆದರೆ ಅಲ್ಲಿ ಪ್ರಾರ್ಥನೆ ನಿಲ್ಲಿಸಿದ್ದು ಪುಸ್ತಕದಂಗಡಿಯಲ್ಲ.

ಅದು ಡೊಮಿನಿಕನ್ ಸನ್ಯಾಸಿಗಳ ಚರ್ಚು, 1294ರದ್ದು. 1794ರಲ್ಲಿ ಫ್ರೆಂಚ್ ಸೈನ್ಯ ಊರು ಹಿಡಿಯಿತು. ಸ್ವಲ್ಪ ಕಾಲದಲ್ಲೇ ಸನ್ಯಾಸಿಗಳು ಜಾಗ ಬಿಡಬೇಕಾಯಿತು. ಆಮೇಲೆ ಬಂದವರು ಬಂದಂತೆ ಬಳಸಿಕೊಂಡರು. ಗೋದಾಮಾಯಿತು, ಮಕ್ಕಳ ಕಾರ್ನಿವಲ್ ಕುಣಿತವಾಯಿತು, ಕೊನೆಗೆ ಸೈಕಲ್ ಸ್ಟ್ಯಾಂಡೂ ಆಯಿತು. ಕಾಫಿ ಕಪ್ಪು ನೋಡಿಯೇ ನೊಂದುಕೊಂಡಿರಿ. ಸಾಲು ಸಾಲು ಸೈಕಲ್ ನೋಡಿದ್ದರೆ ಏನನ್ನುತ್ತಿದ್ದಿರೋ!

ಪುಸ್ತಕ ಬಂದದ್ದು 2006ರಲ್ಲಿ. ಅಂಗಡಿಗೆ ಬೇಕಿದ್ದದ್ದು 1,200 ಚದರ ಮೀಟರ್ ಜಾಗ, ನೆಲ ಇದ್ದದ್ದು 750. ಮಧ್ಯೆ ಒಂದು ಅಟ್ಟ ಹಾಕಿಬಿಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಚರ್ಚಿನ ಎತ್ತರ ಮಾತ್ರ ಸತ್ತುಹೋಗುತ್ತಿತ್ತು. ವಾಸ್ತುಶಿಲ್ಪಿಗಳು ಒಂದು ಬದಿಗೆ ಮಾತ್ರ ಉಕ್ಕಿನ ಭಾರೀ ಕಪಾಟು ನಿಲ್ಲಿಸಿದರು. ಮೆಟ್ಟಿಲು ಹತ್ತಿ ಅದರೊಳಗೇ ಓಡಾಡಬಹುದು. ಇನ್ನೊಂದು ಬದಿ ನೆಲದಿಂದ ಚಾವಣಿವರೆಗೆ ಬರೀ ಖಾಲಿ. ಮೇಲೆ ಹತ್ತಿದರೆ ಚಾವಣಿಯ ಹಳೇ ಚಿತ್ರಗಳು ಹತ್ತಿರದಿಂದ ಕಾಣುತ್ತವೆ. ಮೊದಲು ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳಬೇಕಿತ್ತು. ನನಗೆ ಜಾಸ್ತಿ ಹಿಡಿಸಿದ್ದು ಬೇರೆ: ಕಪಾಟು ಗೋಡೆಗೆ ಒರಗಿಲ್ಲ, ತನ್ನ ಕಾಲ ಮೇಲೆ ತಾನೇ ನಿಂತಿದೆ. ನಾಳೆ ಬೇಡವೆಂದರೆ ಬಿಚ್ಚಿ ಒಯ್ಯಬಹುದು. ನಾವೋ, ಹಳೇ ಕಂಬಕ್ಕೆ ಮೊಳೆ ಹೊಡೆದು ಟ್ಯೂಬ್‌ಲೈಟ್ ತೂಗುಹಾಕಿ, ಮೇಲೊಂದು ಕೋಟು ಆಯಿಲ್ ಪೇಂಟ್ ಬಳಿಯುವವರು.

2014ರಲ್ಲಿ ಅಂಗಡಿ ನಡೆಸುತ್ತಿದ್ದ ಕಂಪನಿ ದಿವಾಳಿಯಾಯಿತು. ಕೆಲಸದವರೇ ಜನರಿಂದ ದುಡ್ಡು ಕೂಡಿಸಿ ಅಂಗಡಿ ಉಳಿಸಿಕೊಂಡರು. ಸುಮ್ನೆ ಕಾಫಿ ಕುಡಿದು ಹೋಗುವ ಜಾಗಕ್ಕೆ ಯಾರಾದರೂ ಹಾಗೆ ದುಡ್ಡು ಕೊಡುತ್ತಾರಾ?

ಕಾಫಿ ಮೇಜಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಪೀಠವಿದ್ದ ಕಡೆ ಶಿಲುಬೆ ಆಕಾರದ ಮೇಜು ಹಾಕಿದ್ದಾರೆ. ಅದು ಜಾಣತನ ಸ್ವಲ್ಪ ಅತಿಯಾದದ್ದು. ಮಾಮೂಲಿ ಮೇಜು ಸಾಕಿತ್ತು.

ಇನ್ನು ಕೆಡವುವ ಮಾತು. ನಿಮ್ಮದೇ ಜಿಲ್ಲೆಯ ಸಂತೇಬೆನ್ನೂರಿನ ಹೊಂಡದ ಪಕ್ಕದ ಮುಸಾಫಿರ್‌ಖಾನಾದಲ್ಲಿ, ಅಂದರೆ ಪ್ರಯಾಣಿಕರ ಹಳೇ ತಂಗುದಾಣದಲ್ಲಿ, ಈಗ ಯಾವ ಮುಸಾಫಿರನೂ ತಂಗುವುದಿಲ್ಲ. ಹಾಗಂತ ಕೆಡವಲು ಯಾರಾದರೂ ಹಾರೆ ಹಿಡಿದು ಹೋದರೆ, ಮೊದಲು ಅಡ್ಡ ನಿಲ್ಲುವವರು ನೀವೇ ಅಲ್ವಾ ಮೇಷ್ಟ್ರೇ?

ಮುಂದಿನ ಸಲ ಕಪಾಟಿನ ಮೇಲಿನ ಅಂತಸ್ತಿನಿಂದ ಒಂದು ಫೋಟೋ ತೆಗೆಯಲು ಮಗಳಿಗೆ ಹೇಳಿ. ಬಂದರೆ ನಮಗೂ ಕಳಿಸಿ.