‘ಆ’ ಬರದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ತಾಯಿ ಮತ್ತು ಶಿಕ್ಷಕಿ ಇಬ್ಬರ ಒಪ್ಪಿಗೆಯನ್ನೂ ಪಡೆದು ಬರೆಯಲಾಗಿದೆ.)

ಆಗಸ್ಟ್ ತಿಂಗಳ ಒಂದು ಭಾನುವಾರ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ತಮ್ಮ ಆರು ವರ್ಷದ ಮಗನನ್ನು ಕರೆತಂದರು. ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಸೇರಿ ಎರಡು ತಿಂಗಳಾಗಿದ್ದ ಆ ಹುಡುಗನಿಗೆ ಸಂಜೆ ಏಳರ ಹೊತ್ತಿಗೆ ಹೊಟ್ಟೆನೋವು ಬರುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ಯಾವ ತೊಂದರೆಯೂ ಕಾಣುತ್ತಿಲ್ಲವೆಂದು ನನ್ನಲ್ಲಿಗೆ ಕಳುಹಿಸಿದ್ದರು. ಶಾಲೆಗೆ ಹೆದರುವ ಮಕ್ಕಳ ಹೊಟ್ಟೆ ಸಾಮಾನ್ಯವಾಗಿ ಬೆಳಿಗ್ಗೆ ನೋಯುತ್ತದೆ. ಇವನದು ತಾಯಿ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಶುರುವಾಗುತ್ತಿತ್ತು.

ತಾಯಿಗೆ ಹೊಟ್ಟೆನೋವಿಗಿಂತ ದೊಡ್ಡ ಚಿಂತೆಯೊಂದಿತ್ತು. “ಎರಡ್ ತಿಂಗ್ಳಾಯ್ತು ಮೇಡಂ, ಅ ಆ ಇ ಈ ಬರೆಯೋಕೂ ಬರಲ್ಲ. ಏನ್ ಕಲಿಸಿದ್ರೋ ಅಂದ್ರೆ ಏನೂ ಇಲ್ಲ ಅಂತಾನೆ. ಪಕ್ಕದ್ಮನೆ ಮಗು ಕಾನ್ವೆಂಟಿಗೆ ಹೋಗ್ತದೆ, ದಿನಾ ಎರಡ್ ಪುಟ ಬರೀತದೆ.” ಅವರು ದಿನವೂ ಚಪ್ಪಲಿ ಬಿಡುವ ಮೊದಲೇ ಮಗನನ್ನು ಈ ಪ್ರಶ್ನೆ ಕೇಳುತ್ತಿದ್ದರು, ‘ಏನೂ ಇಲ್ಲ’ ಎಂಬ ಉತ್ತರ ಬಂದೊಡನೆ ಬೈಗುಳ, ಕೆಲವೊಮ್ಮೆ ಒಂದೇಟು, ಅದರ ಹಿಂದೆಯೇ ನೋವು. ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಬೇಕೇ ಎಂಬ ಆಲೋಚನೆ ಆ ಕ್ಷಣದಲ್ಲಿ ನನಗೂ ಸುಳಿದಿತ್ತೆಂಬುದನ್ನು ಇಲ್ಲಿ ಮುಚ್ಚಿಡಬಾರದು.

ತಾಯಿಯನ್ನು ಹೊರಗೆ ಕೂರಿಸಿ ಹುಡುಗನ ಕೈಗೆ ಸ್ಲೇಟು, ಬಳಪ ಕೊಟ್ಟೆ. ಏನಾದರೂ ಬರೆ ಎಂದಾಗ ಅವನು ನಾಲಿಗೆ ಕಚ್ಚಿಕೊಂಡು ರ, ಗ, ಸ, ದ, ಅ ಎಂದು ಐದು ಅಕ್ಷರ ಬರೆದ. ಅವುಗಳ ಕೆಳಗೆ ‘ಗರಗಸ’ ಎಂದು ಬರೆದು, ಬಲಗೈಯನ್ನು ಮೇಜಿನ ಅಂಚಿಗೆ ಹಿಡಿದು ಮರ ಕೊಯ್ಯುವ ಸದ್ದನ್ನೂ ಮಾಡಿ ತೋರಿಸಿದ. ಇದನ್ನು ಅಮ್ಮನಿಗೆ ತೋರಿಸಿದೆಯಾ ಎಂದು ಕೇಳಿದೆ. “ಅಮ್ಮ ‘ಆ’ ಕೇಳ್ತಾರೆ. ನಂಗೆ ‘ಆ’ ಬರಲ್ಲ” ಎಂದ.

ಪ್ರಕರಣದ ತಿರುಳು ಇಷ್ಟೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ, ಆಟ-ಹಾಡು-ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ಸಾಗುವುದಿಲ್ಲ. ಬರೆಯಲು ಸುಲಭವಾದ, ಒಂದಕ್ಕೊಂದು ಜೋಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳು ಮೊದಲು ಬರುತ್ತವೆ. ರ, ಗ, ಸ, ದ, ಅ ತಿಳಿದ ಮಗು ಸರ, ಅರಸ, ಅಗಸ, ಗರಗಸಗಳನ್ನು ಓದಬಲ್ಲದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ಗಳ (ಯಾವ ಗುಂಪು ಎಲ್ಲಿ ಕೂರಬೇಕೆಂದು ತೋರಿಸುವ ಗುರುತುಗಳು) ಸುತ್ತ ಗುಂಪಾಗಿ ಕುಳಿತು, ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ‘ಕಲಿಕಾ ಏಣಿ’ಯಲ್ಲಿ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೇಲೇರುತ್ತಾರೆ. ಪ್ರತಿ ಮೆಟ್ಟಿಲಿನ ಚಟುವಟಿಕೆಯ ಕಾರ್ಡುಗಳು ಶಾಲೆಯಲ್ಲೇ ಉಳಿಯುತ್ತವೆ, ಒಂದನೆಯ ತರಗತಿಗೆ ಹೋಂವರ್ಕ್ ಕೊಡುವಂತಿಲ್ಲ. ಹೀಗಾಗಿ ಚೀಲ ತೆರೆದು ನೋಡುವ ತಾಯಿಯ ಕಣ್ಣಿಗೆ ಏನೂ ಬೀಳುವುದಿಲ್ಲ. ದಿನವಿಡೀ ಹಾಡಿ, ಕಾರ್ಡು ಜೋಡಿಸಿ, ನೆಲದ ಮೇಲೆ ಬರೆದು ಬಂದ ಆರು ವರ್ಷದ ಮಗುವಿಗೆ ‘ಇಂದು ಇಷ್ಟು ಕಲಿತೆ’ ಎಂದು ವರದಿ ಒಪ್ಪಿಸಲೂ ಬಾರದು. ಅವನ ‘ಏನೂ ಇಲ್ಲ’ ಸುಳ್ಳಾಗಿರಲಿಲ್ಲ.

ಮಾಹಿತಿ ಮನೆಗೆ ಬರುತ್ತಲೇ ಇರಲಿಲ್ಲವೆಂದಲ್ಲ. ತಾಯಿಯ ಫೋನಿನಲ್ಲಿ ತರಗತಿಯ ವಾಟ್ಸಾಪ್ ಗುಂಪಿತ್ತು. ಪ್ರತಿ ಸಂಜೆ ಹತ್ತು ಹನ್ನೆರಡು ಫೋಟೋ, ಅವುಗಳ ನಡುವೆ ಆಧಾರ್ ಜೋಡಣೆ, ಶೂ ಅಳತೆ, ಮೊಟ್ಟೆ ಬೇಕೋ ಬಾಳೆಹಣ್ಣೋ ಎಂಬ ವಿಚಾರಣೆ. ಒಂದು ಫೋಟೋದಲ್ಲಿ, ಪ್ರತಿ ಮಗು ಏಣಿಯ ಯಾವ ಹಂತ (‘ಮೈಲಿಗಲ್ಲು’) ದಾಟಿದೆ ಎಂದು ಗುರುತಿಸುವ, ಗೋಡೆಯ ‘ಪ್ರಗತಿನೋಟ’ದ ಹಾಳೆಯೇ ಇತ್ತು. ತಾಯಿ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಯಾರ ಮಗು ಎಷ್ಟು ಮೈಲಿಗಲ್ಲು ದಾಟಿದೆ ಎಂದು ಎಣಿಸಿದ್ದರು.

ಅವರ ಒಪ್ಪಿಗೆಯೊಂದಿಗೆ ಶಿಕ್ಷಕಿಯನ್ನು ಭೇಟಿಯಾದೆ. ಇಪ್ಪತ್ತೆಂಟು ಮಕ್ಕಳಿಗೆ ಒಬ್ಬರೇ ಶಿಕ್ಷಕಿ; ಬೇಸರವಿತ್ತು, ಉದಾಸೀನವಿರಲಿಲ್ಲ. “ದಿನಾ ಎಲ್ಲಾ ಹಾಕ್ತೀನಲ್ಲ ಮೇಡಂ, ಇನ್ನೇನು ಹೇಳ್ಬೇಕು?” ಎಂದರು. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಪೋಷಕರ ಸಭೆ ನಡೆಸಿ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೆಯ ಸೆಕ್ಷನ್ ಹೇಳುತ್ತದೆ. ಅಲ್ಲಿ ಹೇಳಿರುವುದು ಒಂದೊಂದು ಮಗುವಿನ ವಿಷಯ. ಗುಂಪಿಗೆ ಹಾಕುವ ಫೋಟೋ ತರಗತಿ ನಡೆಯುತ್ತಿದೆ ಎಂಬುದನ್ನು ತಿಳಿಸೀತು, ನನ್ನ ಮಗ ಎಲ್ಲಿದ್ದಾನೆ ಎಂಬ ತಾಯಿಯ ಪ್ರಶ್ನೆಗೆ ಅದು ಉತ್ತರವಾಗದು.

ಶಿಕ್ಷಕಿಗೆ ನಾನು ಹೇಳಿದ್ದು, ಕೆಲಸ ಹೆಚ್ಚಿಸಿಕೊಳ್ಳದೆ ಕಡಿಮೆ ಮಾಡಿಕೊಳ್ಳಿ ಎಂದು. ದಿನಕ್ಕೆ ಆರು ಮಕ್ಕಳಂತೆ ಸರದಿ ಹಾಕಿಕೊಂಡರೆ ವಾರದೊಳಗೆ ಎಲ್ಲರ ಸರದಿಯೂ ಮುಗಿಯುತ್ತದೆ. ಆಯಾ ಮಗುವಿನ ಮನೆಗೆ ಮಾತ್ರ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸಿದರೆ ದಿನಕ್ಕೆ ಮೂರೇ ನಿಮಿಷ, ಓದಲು ಬಾರದ ಅಜ್ಜಿಯೂ ಅದನ್ನು ಕೇಳಿಸಿಕೊಳ್ಳಬಹುದು. ಅದರಲ್ಲಿ ಮಗು ಮಾಡಿದ ಒಂದು ಕೆಲಸ, ಮನೆಯವರು ಮಾಡಬಹುದಾದ ಒಂದು ಕೆಲಸ, ಇವೆರಡೇ ಇರಲಿ. ಹಿಂದುಳಿದ ಮಕ್ಕಳ ಬಗ್ಗೆ ಏನು ಹೇಳಲಿ ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ‘ಚೆನ್ನಾಗಿದ್ದಾನೆ’ ಎಂಬ ಸಮಾಧಾನದ ಮಾತೂ ಬೇಡ, ‘ಹಿಂದಿದ್ದಾನೆ’ ಎಂಬ ತೀರ್ಪೂ ಬೇಡ. ‘ವ, ಮ ಅದಲುಬದಲಾಗುತ್ತಿವೆ, ಮನೆಯಲ್ಲಿ ವರ, ಮರ ಎಂದು ಬರೆಸಿ ನೋಡಿ’ ಎಂದರೆ ಸಾಕು. ಪ್ರಗತಿನೋಟವನ್ನು ಗುಂಪಿಗೆ ಹಾಕುವುದನ್ನು ಮಾತ್ರ ಆ ದಿನದಿಂದಲೇ ನಿಲ್ಲಿಸಲು ಕೇಳಿಕೊಂಡೆ. ಮುಂದಿನ ಪೋಷಕರ ಸಭೆಯಲ್ಲಿ ಭಾಷಣದ ಬದಲು ಪೋಷಕರನ್ನೇ ತಟ್ಟೆಗಳ ಸುತ್ತ ಕೂರಿಸಿ, ಐದು ಅಕ್ಷರದ ಕಾರ್ಡು ಕೊಟ್ಟು ಪದ ಕಟ್ಟಿಸಿರೆಂದೂ ಸೂಚಿಸಿದೆ.

ತಾಯಿಗೆ ಕೊಟ್ಟ ಸಲಹೆ ಇನ್ನೂ ಕಷ್ಟದ್ದು: ಮೂರು ವಾರ ‘ಏನು ಕಲಿಸಿದರು’ ಎಂದು ಕೇಳಲೇಬಾರದು, ಕೈ ಎತ್ತುವುದಂತೂ ಇನ್ನು ಕೂಡದು. ಊಟವಾದ ಮೇಲೆ ಹತ್ತು ನಿಮಿಷ ಸ್ಲೇಟು ಅವನ ಕೈಯಲ್ಲಿರಲಿ, ಅವನು ಬರೆದದ್ದನ್ನು ನೀವು ಓದಿ, ಆಗೊಮ್ಮೆ ಈಗೊಮ್ಮೆ ಬೇಕೆಂದೇ ತಪ್ಪು ಓದಿ, ಅವನು ತಿದ್ದಲಿ ಎಂದೆ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ ಎಂದು ನಾನು ಹೇಳಲಿಲ್ಲ, ಏಕೆಂದರೆ ಯಾವ ತಾಯಿಗೂ ಅದು ಸಾಧ್ಯವಿಲ್ಲ; ಅವನ ಎದುರಿಗೆ ಬೇಡ ಎಂದಷ್ಟೇ ಹೇಳಿದೆ.

ಐದು ವಾರದ ನಂತರ ತಾಯಿ ಒಬ್ಬರೇ ಬಂದರು. ಆ ಅವಧಿಯಲ್ಲಿ ಹೊಟ್ಟೆನೋವು ಎರಡೇ ಸಲ ಬಂದಿತ್ತು, ಎರಡೂ ಸಲ ಅವರು ಹಳೆಯ ಪ್ರಶ್ನೆ ಕೇಳಿದ ದಿನವೇ. ಶಿಕ್ಷಕಿಯ ಸಂದೇಶ ಒಂದು ವಾರ ತಪ್ಪಿತ್ತು, ಉಳಿದ ವಾರಗಳಲ್ಲಿ ಬಂದಿತ್ತು. ಕೋಳಿ ಅಂಗಡಿಯ ಮುಂದೆ ‘ಇಂದಿನ ದರ’ ಎಂದು ಬರೆದ ಹಲಗೆ ನೋಡಿ ಹುಡುಗ ತಾಯಿಯ ಸೆರಗು ಎಳೆದು, ‘ದರ’ ಎಂದು ಓದಿದನಂತೆ. ಮೊದಲಿನ ಪದ ಯಾವುದೆಂದು ಕೇಳಿದ್ದಕ್ಕೆ, “ಅದು ಮಿಸ್ಸು ಇನ್ನೂ ಹೇಳ್ಕೊಟ್ಟಿಲ್ಲ” ಎಂದನಂತೆ. ಈ ಸಲ ತಾಯಿ ಅದನ್ನು ದೂರಾಗಿ ಹೇಳಲಿಲ್ಲ. ಮುಂದಿನ ಭೇಟಿಯನ್ನು ದಸರಾ ರಜೆ ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ.